ಇಲಾಖೆಯ ಏಕೈಕ ಕಾರಿನ ಬ್ರೇಕು ರಿಪೇರಿ: ಜಾಹೀರಾತಿನ ದರಗಳಲ್ಲಿ ಲಾಭ ಯಾವುದು, ಟೋಪಿ ಯಾವುದು ಎಂದು ತೀರ್ಮಾನಿಸುವ ಬಗ್ಗೆ

ಸುತ್ತೋಲೆ

ಸಂಖ್ಯೆ: ವಾಕುಚ/ಬ್ರೇಕು/ಇತ್ಯರ್ಥವಾಗದ್ದು/೧೭

ಹೊರಡಿಸುವವರು: ವಾಹನ, ಕುರ್ಚಿ ಮತ್ತು ಚಕ್ರವುಳ್ಳ ಇತರೆ ವಸ್ತುಗಳ ಶಾಖೆ

ಮೂಲ ಕಡತ: ಕಾರಿನ ಹಿಂದಿನ ಎಡ ಚಕ್ರದ ಕೆಳಗೆ ಇದೆ. ಪರಿಶೀಲಿಸಬಯಸುವವರು ಕಾರು ಮುಂದಕ್ಕೆ ಹೋಗದಂತೆ ಮೊದಲು ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.

ವಿಷಯ: ಬ್ರೇಕು ರಿಪೇರಿಯ ಬಗ್ಗೆ ಪತ್ರಿಕೆ, ಕರಪತ್ರ, ಗೋಡೆ ಮತ್ತು ಆಟೋಗಳ ಬೆನ್ನಿನ ಮೇಲೆ ಪ್ರಕಟವಾಗುವ ರಿಯಾಯಿತಿಗಳನ್ನು ಅಳೆದು ತೂಗಿ ನೋಡುವ ಕ್ರಮದ ಕುರಿತು.

ಉಲ್ಲೇಖ:
೧. ಚಾಲಕರ ಮೊದಲ ಮೌಖಿಕ ದೂರು: "ಕಿರ್ ಅಂತಿದೆ ಸಾರ್."
೨. ಚಾಲಕರ ಎರಡನೇ ಮೌಖಿಕ ದೂರು: "ಗರಗರ ಅಂತಿದೆ ಸಾರ್."
೩. ಚಾಲಕರ ಮೂರನೇ ಮೌಖಿಕ ದೂರು: "ಈಗ ಏನೂ ಅನ್ನಲ್ಲ ಸಾರ್."
೪. ಲೆಕ್ಕಪತ್ರ ಶಾಖೆಯ ಷರಾ: "ಅಗ್ಗದ್ದು ನೋಡಿ."

ಪೀಠಿಕೆ

ಈ ಇಲಾಖೆಗೆ ಇರುವುದು ಒಂದೇ ಕಾರು. ಕಚೇರಿ ಇರುವುದು ಗುಡ್ಡದ ನೆತ್ತಿಯ ಮೇಲೆ. ಪ್ರಧಾನ ಕಚೇರಿ, ಬ್ಯಾಂಕು, ಅಂಚೆ, ಪೇಟೆ ಮತ್ತು ಜಾಹೀರಾತು ಕೊಡುವ ಗ್ಯಾರೇಜುಗಳೆಲ್ಲ ಗುಡ್ಡದ ಬುಡದಲ್ಲಿ. ಆದ್ದರಿಂದ ಕಾರು ದಿನವೂ ಟಪಾಲಿನ ಚೀಲ ಹೊತ್ತು ಕೆಳಗಿಳಿಯುವುದು, ಉತ್ತರದ ಚೀಲ ಹೊತ್ತು ಮೇಲೇರುವುದು ವಾಡಿಕೆ. ಮೇಲೇರುವ ಬಗ್ಗೆ ಈವರೆಗೆ ಯಾರಿಂದಲೂ ದೂರು ಬಂದಿರುವುದಿಲ್ಲ.

ಕೆಳಗಿಳಿಯುವ ಬಗ್ಗೆ ಚಾಲಕರಿಂದ ಮೊದಲ ದೂರು ಬಂದಾಗ ಶಾಖೆಯು ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಎಲ್ಲರ ಗಮನಕ್ಕೆ ತರಲಾಗಿದೆ. ಅಂದೇ ಲೆಕ್ಕಪತ್ರ ಶಾಖೆಗೆ ಬರೆಯಲಾಯಿತು. ಆ ಶಾಖೆಯ ಮೇಲ್ವಿಚಾರಕರು (ಇವರನ್ನು ಸಿಬ್ಬಂದಿ 'ಗಂಟುಮೂತಿ' ಎಂದು ಕರೆಯಬಾರದೆಂದು ಹಿಂದೊಂದು ಸುತ್ತೋಲೆಯಲ್ಲಿ ತಿಳಿಸಲಾಗಿದ್ದು, ಅಂದಿನಿಂದ ಹೊಸಬರೂ ಹಾಗೆಯೇ ಕರೆಯುತ್ತಿದ್ದಾರೆ) ಉಲ್ಲೇಖ ೪ರಲ್ಲಿ ಕಂಡಂತೆ ಷರಾ ಬರೆದರು. ಅಗ್ಗದ್ದು ಯಾವುದೆಂದು ತಿಳಿಯಬೇಕಾದರೆ ಎಲ್ಲವನ್ನೂ ನೋಡಬೇಕು. ನೋಡಲು ಹೊರಟರೆ, ಎಲ್ಲ ಗ್ಯಾರೇಜುಗಳೂ 'ತಪಾಸಣೆ ಸಂಪೂರ್ಣ ಉಚಿತ' ಎಂದು ಜಾಹೀರಾತು ಕೊಟ್ಟಿದ್ದವು. ಉಚಿತವಾಗಿ ಸಿಗುವುದನ್ನು ಬಿಟ್ಟರೆ ಇಲಾಖೆಗೆ ನಷ್ಟ. ಹಾಗಾಗಿ ಕಾರನ್ನು ಒಂದು ಗ್ಯಾರೇಜಿಗೆ ಇಳಿಸಿ, ತಪಾಸಣೆ ಮಾಡಿಸಿ, ಗುಡ್ಡ ಹತ್ತಿಸಿ, ವರದಿ ಬರೆದು, ಮರುದಿನ ಇನ್ನೊಂದು ಗ್ಯಾರೇಜಿಗೆ ಇಳಿಸಲಾಯಿತು. ಊರಿನ ಗ್ಯಾರೇಜುಗಳು ಮುಗಿದ ಮೇಲೆ ಪಕ್ಕದ ಊರಿನವು, ಅವೂ ಮುಗಿದ ಮೇಲೆ ಮೊದಲಿನವರ ಅಭಿಪ್ರಾಯ ಬದಲಾಗಿದೆಯೇ ಎಂದು ತಿಳಿಯಲು ಮತ್ತೆ ಮೊದಲಿನವು.

ಈ ಸಮೀಕ್ಷೆ ಮುಗಿಯುವ ಹೊತ್ತಿಗೆ, ಆರಂಭದಲ್ಲಿ ಅರ್ಧ ಸವೆದಿದ್ದ ಬ್ರೇಕು ಪ್ಯಾಡುಗಳು ಪೂರ್ತಿ ಸವೆದಿದ್ದವು. ಆದರೆ ಕಿರ್ ಎಂಬ ಶಬ್ದ ನಿಂತಿತು. ಮೊದಲ ದೂರು ಶಬ್ದದ ಬಗ್ಗೆಯೇ ಆದ್ದರಿಂದ ಅದು ಇತ್ಯರ್ಥವಾಯಿತೆಂದು ದಾಖಲಿಸಿಕೊಳ್ಳಲಾಗಿದೆ. ಪೆಡಲು ಈಗ ಕಾಲಿಗೆ ಯಾವ ತಕರಾರೂ ಮಾಡದೆ ನೆಲದವರೆಗೆ ಇಳಿಯುತ್ತದೆ. ಇದನ್ನು ಮಾಸಿಕ ವರದಿಯ 'ಸುಧಾರಣೆ' ಕಾಲಂನಲ್ಲಿ ತೋರಿಸಲಾಗಿದೆ.

ಇಷ್ಟಾದರೂ ಕೆಲವು ಸಿಬ್ಬಂದಿ ಊಟದ ವೇಳೆಯಲ್ಲಿ 'ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ' ಎಂದು ಗೊಣಗುತ್ತಿರುವುದು ಕಿವಿಗೆ ಬಿದ್ದಿದೆ. ಬಾವಿ ತೋಡುವುದಕ್ಕೂ ಒಂದು ಕ್ರಮವಿದೆ. ಆ ಕ್ರಮವನ್ನು ಈ ಕೆಳಗಿನ ಕಂಡಿಕೆಗಳಲ್ಲಿ ನಿಗದಿಪಡಿಸಿ, ಸರ್ವರೂ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೧. ವ್ಯಾಖ್ಯೆಗಳು. 'ಬ್ರೇಕು' ಎಂದರೆ ಕಾರನ್ನು ಚಾಲಕರು ಬಯಸಿದ ಜಾಗದಲ್ಲಿ ನಿಲ್ಲಿಸುವ ಸಾಧನ. ಬಯಸದ ಜಾಗದಲ್ಲಿ ನಿಲ್ಲಿಸುವ ಗೋಡೆ, ಮರ, ದೀಪದ ಕಂಬ ಮುಂತಾದವು ಉಚಿತವಾಗಿ ದೊರೆತರೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. 'ಲಾಭದ ದರ' ಎಂದರೆ ಲೆಕ್ಕಪತ್ರ ಮೇಲ್ವಿಚಾರಕರು ನೋಡಿಯೂ ನಿಟ್ಟುಸಿರು ಬಿಡದಂಥ ದರ. ಅಂಥ ದರ ಇನ್ನೂ ಕಂಡುಬಂದಿಲ್ಲ. ಕ್ಯಾಂಟೀನಿನವರು ಒಮ್ಮೆ ಟೀ ಪುಕ್ಕಟೆ ಕೊಟ್ಟಾಗಲೂ ಮೇಲ್ವಿಚಾರಕರು ಲೋಟ ನೋಡಿ ನಿಟ್ಟುಸಿರು ಬಿಟ್ಟಿದ್ದರು.

೨. ಜಾಹೀರಾತನ್ನು ಓದುವ ಬಗ್ಗೆ. ಬ್ರೇಕಿನ ಜಾಹೀರಾತಿನಲ್ಲಿ ದಪ್ಪಕ್ಷರದ ಮಾತು ಒಂದು, ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದ ಮಾತು ಇನ್ನೊಂದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇವೆರಡೂ ಒಂದೇ ಚೀಟಿಯಲ್ಲಿರುತ್ತವೆ. ಆದ್ದರಿಂದ ಪ್ರತಿ ಜಾಹೀರಾತನ್ನೂ ಇಬ್ಬರು ನೌಕರರು ಓದತಕ್ಕದ್ದು: ಒಬ್ಬರು ದಪ್ಪಕ್ಷರ ಮಾತ್ರ, ಇನ್ನೊಬ್ಬರು ಸಣ್ಣಕ್ಷರ ಮಾತ್ರ. ದಪ್ಪಕ್ಷರ ಓದಿದವರು ನಗುತ್ತಲೂ ಸಣ್ಣಕ್ಷರ ಓದಿದವರು ಮುಖ ಬಾಡಿಸಿಕೊಂಡೂ ಬರುವುದು ಸಹಜವಾಗಿದ್ದು, ಇಬ್ಬರ ಮುಖಗಳ ಸರಾಸರಿಯನ್ನು ಶಾಖಾಧಿಕಾರಿಯು ದಾಖಲಿಸಿಕೊಳ್ಳತಕ್ಕದ್ದು.

೩. 'ಇಷ್ಟರಿಂದ ಆರಂಭ' ಎಂಬ ದರದ ಬಗ್ಗೆ. ದರ ಎಲ್ಲಿಂದ ಆರಂಭವಾಗುತ್ತದೆ ಎಂದು ಎಲ್ಲ ಗ್ಯಾರೇಜುಗಳೂ ಹೇಳುತ್ತವೆ. ಎಲ್ಲಿ ಮುಗಿಯುತ್ತದೆ ಎಂದು ಯಾವುದೂ ಹೇಳುವುದಿಲ್ಲ. ಶಾಖೆಯು ಜಾಣತನದಿಂದ ಒಂದು ಗ್ಯಾರೇಜಿನವರಿಗೆ, ಆರಂಭದ ದರಕ್ಕೆ ಎಷ್ಟು ಕೆಲಸವೋ ಅಷ್ಟನ್ನು ಮಾತ್ರ ಮಾಡಿ ಎಂದು ಲಿಖಿತವಾಗಿ ಸೂಚಿಸಿತು. ಅವರು ಒಂದು ಬೋಲ್ಟು ಬಿಚ್ಚಿ, ಆರಂಭವಾಯಿತು ಎಂದು ರಸೀದಿ ಕೊಟ್ಟರು. ಸದರಿ ಬೋಲ್ಟನ್ನು ಕಡತಕ್ಕೆ ದಾರದಿಂದ ಕಟ್ಟಿ ಲಗತ್ತಿಸಲಾಗಿದೆ. ಕಾರಿನಲ್ಲಿ ಅದು ಎಲ್ಲಿತ್ತೆಂದು ತಿಳಿದುಬಂದಿಲ್ಲ.

೪. ಮುಂದಿನ ಎರಡು ಚಕ್ರಗಳಿಗೆ ಮಾತ್ರ ಅನ್ವಯಿಸುವ ರಿಯಾಯಿತಿಯ ಬಗ್ಗೆ. ಅರ್ಧಕ್ಕರ್ಧ ಜಾಹೀರಾತುಗಳಲ್ಲಿ ಹೇಳಿರುವ ದರ ಮುಂದಿನ ಜೋಡಿ ಚಕ್ರಗಳದ್ದು ಮಾತ್ರ ಎಂಬುದು ಸಣ್ಣಕ್ಷರದ ನೌಕರರಿಂದ ತಿಳಿದುಬಂದಿದೆ. ಅಂಥ ದರವನ್ನು ಒಪ್ಪಿದಲ್ಲಿ, ಪೆಡಲು ಒತ್ತಿದಾಗ ಮುಂದಿನ ಸೀಟಿನವರ ಪಾಲಿಗೆ ಕಾರು ನಿಂತಿದೆಯೆಂದೂ, ಹಿಂದಿನ ಸೀಟಿನವರ ಪಾಲಿಗೆ ಇನ್ನೂ ಚಲಿಸುತ್ತಿದೆಯೆಂದೂ ಭಾವಿಸಲಾಗುವುದು. ಕಿರಿಯ ಶ್ರೇಣಿಯವರು ಹಿಂದೆ ಕೂರತಕ್ಕದ್ದು.

೫. ಪ್ಯಾಡಿಗೆ ಮಾತ್ರ ದರ, ಕೂಲಿ ಬೇರೆ ಎಂಬ ಬಗ್ಗೆ. 'ಪ್ಯಾಡು ಅರ್ಧ ಬೆಲೆಗೆ' ಎಂಬ ಜಾಹೀರಾತನ್ನು ನೋಡಿ, ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಶಾಖೆಯು ಒಂದು ಜೊತೆ ಪ್ಯಾಡುಗಳನ್ನು ಖರೀದಿಸಿತು. ಅವನ್ನು ಚಕ್ರಕ್ಕೆ ಜೋಡಿಸುವ ಕೂಲಿ ಪ್ಯಾಡಿನ ಬೆಲೆಗಿಂತ ಹೆಚ್ಚೆಂದು ಆಮೇಲೆ ತಿಳಿಯಿತು. ಮೂಗಿಗಿಂತ ಮೂಗುತಿ ಭಾರವಾಗುವುದನ್ನು ಲೆಕ್ಕಪತ್ರ ಶಾಖೆಯು ಒಪ್ಪಲಿಲ್ಲ. ಆದ್ದರಿಂದ ಪ್ಯಾಡುಗಳನ್ನು ಸದ್ಯ ಹಿಂದಿನ ಸೀಟಿನ ಮೇಲೆ ಇಟ್ಟು, ಜಾರದಂತೆ ಸೀಟುಬೆಲ್ಟು ಹಾಕಲಾಗಿದೆ. ಈ ಹಿನ್ನೆಲೆಯಲ್ಲಿ ಕಾರಿನಲ್ಲಿ ಬ್ರೇಕು ಇಲ್ಲ ಎಂದು ಚಾಲಕರು ಕಂಡಕಂಡವರ ಮುಂದೆ ಹೇಳಿಕೊಳ್ಳುವುದು ಸತ್ಯಕ್ಕೆ ದೂರವಾದದ್ದು. ಇದೆ. ಹಿಂದಿನ ಸೀಟಿನಲ್ಲಿದೆ.

೬. 'ಜೀವಮಾನದ ವಾರಂಟಿ' ಎಂಬ ಬಗ್ಗೆ. ಯಾರ ಜೀವಮಾನ ಎಂದು ಯಾವ ಜಾಹೀರಾತಿನಲ್ಲೂ ಸ್ಪಷ್ಟವಿಲ್ಲ. ಗ್ಯಾರೇಜು ಮಾಲೀಕರದ್ದಾದಲ್ಲಿ ಅವರ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಕಾರಿನದ್ದಾದಲ್ಲಿ, ಬ್ರೇಕು ಕೈಕೊಟ್ಟ ದಿನವೇ ಕಾರಿನ ಜೀವಮಾನವೂ ಮುಗಿಯುವ ಸಂಭವ ಹೆಚ್ಚಿರುವುದರಿಂದ ವಾರಂಟಿಯನ್ನು ಕೇಳಿಕೊಂಡು ಹೋಗುವವರು ಯಾರೆಂದು ಮೊದಲೇ ನೇಮಿಸತಕ್ಕದ್ದು. ಚಾಲಕರದ್ದಾದಲ್ಲಿ, ಅವರು ನಿವೃತ್ತಿಯವರೆಗೆ ಆರೋಗ್ಯವಾಗಿರಲು ಬರವಣಿಗೆಯಲ್ಲಿ ಒಪ್ಪಿರುತ್ತಾರೆ.

೭. 'ಈ ಭಾನುವಾರದವರೆಗೆ ಮಾತ್ರ' ಎಂಬ ಬಗ್ಗೆ. ಇಂಥ ಜಾಹೀರಾತು ನೋಡಿ ಯಾರೂ ಗಾಬರಿಯಾಗತಕ್ಕದ್ದಲ್ಲ. ದಾಸ್ತಾನು ಕೋಣೆಯ ಬೀರುವಿನಲ್ಲಿ ಹಾಸಿದ್ದ ಹಳದಿ ಬಣ್ಣಕ್ಕೆ ತಿರುಗಿದ ಪತ್ರಿಕೆಯನ್ನು ತೆಗೆದು ನೋಡಿದಾಗ, ಅದೇ ಗ್ಯಾರೇಜಿನ ಅದೇ ರಿಯಾಯಿತಿ ಅಂದಿನ ಭಾನುವಾರಕ್ಕೂ ಮುಗಿಯುವುದರಲ್ಲಿತ್ತು. ಅಂದಿನಿಂದ ಇಂದಿನವರೆಗೆ ಅದು ಪ್ರತಿ ಭಾನುವಾರ ಸತ್ತು ಸೋಮವಾರ ಹುಟ್ಟುತ್ತಿದೆ. ಇಲಾಖೆಯ ಮಂಜೂರಾತಿಗೆ ಭಾನುವಾರಗಳ ಲೆಕ್ಕವಿಲ್ಲದಿರುವುದರಿಂದ ಈ ಬಗೆಯ ರಿಯಾಯಿತಿಯೇ ನಮಗೆ ಹೆಚ್ಚು ಸೂಕ್ತವೆಂದು ಕಂಡುಬಂದಿದೆ.

೮. ತಪಾಸಣೆಯಲ್ಲಿ ಹೊಸ ರೋಗ ಹೇಳುವವರ ಬಗ್ಗೆ. ಬ್ರೇಕು ನೋಡಿ ಎಂದು ಕಾರು ಬಿಟ್ಟರೆ, ಚಕ್ರದ ಬೇರಿಂಗು, ಸ್ಟೇರಿಂಗು, ಹೊಗೆ ಕೊಳವೆ, ಕಡೆಗೆ ವೈಪರು ಎಂದು ಒಂದೊಂದೇ ಸೇರಿಸುತ್ತ ಹೋಗುವ ಗ್ಯಾರೇಜುಗಳಿವೆ. ಇಂಥ ಗ್ಯಾರೇಜಿನಲ್ಲಿ ನೌಕರರು ಬಾಯಿ ಬಿಡದೆ, ಕಾರಿನಿಂದ ದೂರ, ಕೈಗಳನ್ನು ಹಿಂದೆ ಕಟ್ಟಿ ನಿಲ್ಲತಕ್ಕದ್ದು. ಹಿಂದಿನ ಬಾರಿ ಶಾಖೆಯ ಗುಮಾಸ್ತರೊಬ್ಬರು ಮಾತಿಗೆ ಮಾತು ಬೆಳೆಸಿ, ಬ್ರೇಕನ್ನು ಹಾಗೆಯೇ ಬಿಟ್ಟು ಕಾರಿಗೆ ಸುವಾಸನೆಯ ಡಬ್ಬಿ ಹಾಕಿಸಿಕೊಂಡು ಬಂದಿರುತ್ತಾರೆ. ಕಾರು ಈಗ ಇಳಿಜಾರಿನಲ್ಲಿ ಹೋಗುವಾಗ ಮಲ್ಲಿಗೆಯ ವಾಸನೆ ಬರುತ್ತದೆ.

೯. ಜಾಹೀರಾತೇ ಕೊಡದವರ ಬಗ್ಗೆ. ಗುಡ್ಡದ ಬುಡದಲ್ಲಿ ಫಲಕವೂ ಇಲ್ಲದ ಒಂದು ಗ್ಯಾರೇಜು ಇದೆ. ಅದರ ಮಾಲೀಕರು ದಾರಿಯಲ್ಲಿ ನಿಂತಿದ್ದ ಕಾರಿನ ಚಕ್ರ ಬಿಚ್ಚಿ ನೋಡಿ, ನಾಲ್ಕೂ ಚಕ್ರಕ್ಕೆ ಕೆಲಸವಾಗಬೇಕು, ಸಾಮಾನು ಇಷ್ಟು, ಕೂಲಿ ಇಷ್ಟು, ಬ್ರೇಕಿನ ಎಣ್ಣೆ ಇಷ್ಟು ಎಂದು ಸಿಗರೇಟು ಪೊಟ್ಟಣದ ಮೇಲೆ ಬರೆದುಕೊಟ್ಟರು. ಬಿಚ್ಚಿದ ಹಳೆಯ ಸಾಮಾನನ್ನು ಕೈಗೇ ಕೊಡುವುದಾಗಿಯೂ, ಕೆಲಸ ಮುಗಿದ ಮೇಲೆ ಜೊತೆಯಲ್ಲಿ ಕುಳಿತು ಓಡಿಸಿ ತೋರಿಸುವುದಾಗಿಯೂ ಹೇಳಿದರು. ಮೇಲ್ನೋಟಕ್ಕೆ ಇದು ಚೆನ್ನಾಗಿ ಕಂಡರೂ, ಇದರಲ್ಲಿ ರಿಯಾಯಿತಿ ಎಂಬುದೇ ಇಲ್ಲ. ರಿಯಾಯಿತಿ ಇಲ್ಲದಿದ್ದರೆ ನಮೂನೆಯ 'ಇಲಾಖೆಗೆ ಆದ ಉಳಿತಾಯ' ಎಂಬ ಕಾಲಂ ಖಾಲಿ ಉಳಿಯುತ್ತದೆ. ಬೆಲೆಯನ್ನು ಮೊದಲು ಏರಿಸಿ ಆಮೇಲೆ ಇಳಿಸಿ ಎಂದು ಅವರಿಗೆ ಸೌಜನ್ಯದಿಂದ ಸೂಚಿಸಿದಾಗ ಅವರು ನಕ್ಕು ಸ್ಪ್ಯಾನರು ಎತ್ತಿಕೊಂಡು ಒಳಗೆ ಹೋದರು. ಆದ್ದರಿಂದ ಸದರಿ ದರವನ್ನು ತಿರಸ್ಕರಿಸಲಾಗಿದೆ.

೧೦. ಮಧ್ಯಂತರ ವ್ಯವಸ್ಥೆ. ಅತ್ಯಂತ ಲಾಭದ ದರ ಸಿಗುವವರೆಗೆ ಕಾರನ್ನು ಈ ಕೆಳಗಿನಂತೆ ನಿಲ್ಲಿಸತಕ್ಕದ್ದು.

ಚಾಲಕರು ತಾವು ನಿಲ್ಲಿಸಬೇಕೆಂದಿರುವ ಜಾಗವನ್ನು ಹೊರಡುವ ಮುನ್ನವೇ ಮುಖ್ಯ ದ್ವಾರದ ಕಾವಲುಗಾರರಿಗೆ ತಿಳಿಸತಕ್ಕದ್ದು. ಕಾರು ಗುಡ್ಡ ಹತ್ತಿ ಬಂದು ತಾನಾಗಿಯೇ ಉಸಿರುಗಟ್ಟಿ ನಿಧಾನವಾದ ಕೂಡಲೇ, ಕಾವಲುಗಾರರು ಓಡಿಬಂದು ಬ್ರೇಕಿಗೆ ಸಂಬಂಧಿಸಿದ ಕಡತವನ್ನು ಚಕ್ರಕ್ಕೆ ಅಡ್ಡ ಇಡತಕ್ಕದ್ದು. ಮೊದಲು ಇದಕ್ಕೆ ಮರದ ತುಂಡು ಬಳಸಲಾಗುತ್ತಿತ್ತು. ದರಪಟ್ಟಿಗಳು, ವರದಿಗಳು, ಜ್ಞಾಪನಗಳು ಸೇರಿ ಕಡತವು ಮರದ ತುಂಡಿಗಿಂತ ದಪ್ಪವಾದಂದಿನಿಂದ ಅದನ್ನೇ ಬಳಸಲಾಗುತ್ತಿದೆ. ಇಲಾಖೆಯ ಕಡತವೊಂದು ಏನನ್ನಾದರೂ ತಡೆಯಬಲ್ಲದು ಎಂಬುದು ಹೊಸದೇನಲ್ಲವಾದರೂ, ಇದರಿಂದ ಸಿಬ್ಬಂದಿಯ ಸ್ಥೈರ್ಯ ಹೆಚ್ಚಿದೆ.

ಇಳಿಯುವ ದಾರಿಗೆ ಇಂಥ ವ್ಯವಸ್ಥೆ ಮಾಡಲು ಸಾಧ್ಯವಾಗಿಲ್ಲ. ಕಾವಲುಗಾರರು ಕಡತದೊಂದಿಗೆ ಕಾರಿನ ಪಕ್ಕದಲ್ಲಿಯೇ ಓಡಿಕೊಂಡು ಬರಲು ಒಪ್ಪಿಲ್ಲ. ಅವರ ಮಂಡಿ ನೋವಿನ ಪ್ರಮಾಣಪತ್ರವನ್ನು ಪರಿಶೀಲಿಸಲಾಗುತ್ತಿದೆ.

೧೧. ಭಯದ ಬಗ್ಗೆ. ಚಾಲಕರು ಭಯ ಭತ್ಯೆ ಕೋರಿ ಸಲ್ಲಿಸಿದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಎತ್ತರ, ಧೂಳು, ಹೊಗೆ ಇವುಗಳಿಗೆ ಭತ್ಯೆ ಉಂಟು. ಭಯವು ಒಳಗಿನಿಂದ ಬರುವುದರಿಂದ ಅದನ್ನು ನೌಕರರು ಮನೆಯಿಂದಲೇ ತಂದದ್ದೆಂದು ಪರಿಗಣಿಸಲಾಗುವುದು. ಇನ್ನುಮುಂದೆ ಅವರು ಇಳಿಜಾರಿಗೆ ಹೊರಡುವ ಮುನ್ನ ಬಾನೆಟ್ಟಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವುದನ್ನು ಕಚೇರಿಯ ಕಿಟಕಿಗಳಿಂದ ಕಾಣದ ಜಾಗದಲ್ಲಿ ಮಾಡತಕ್ಕದ್ದು. ಅದನ್ನು ನೋಡಿದ ಬೆರಳಚ್ಚುಗಾರ್ತಿ ಆ ದಿನವಿಡೀ ತಪ್ಪು ಬೆರಳಚ್ಚು ಮಾಡಿರುತ್ತಾರೆ.

೧೨. ಸಂಬಂಧಿಕರು ಶಾಖೆಗೆ ಬರುವ ಬಗ್ಗೆ. ಕಳೆದ ವಾರ ಚಾಲಕರ ಪತ್ನಿ ಗುಡ್ಡವನ್ನು ನಡೆದುಕೊಂಡೇ ಹತ್ತಿ ಶಾಖೆಗೆ ಬಂದಿದ್ದರು. ಇವರು ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುವವರಾಗಿದ್ದು, ಅಳತೆಯ ಪಟ್ಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗಂಡ ಮಲಗಿದ್ದಾಗಲೂ ಬಲಗಾಲಿನಿಂದ ಮಂಚದ ಹಲಗೆಯನ್ನು ತುಳಿಯುತ್ತಿರುತ್ತಾರೆ, ಹಲಗೆ ಸೀಳಿದೆ, ಊಟಕ್ಕೆ ಕೂತರೆ ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಾರೆ ಎಂದು ಹೇಳಿದರು. ರಿಪೇರಿಗೆ ದರ ನೋಡಲಾಗುತ್ತಿದೆ, ಗಣನೀಯ ಉಳಿತಾಯವಾಗಲಿದೆ ಎಂದು ಶಾಖೆಯು ವಿವರಿಸಿತು. ಅದಕ್ಕೆ ಅವರು ಹೇಳಿದ್ದನ್ನು, ದಾಖಲೆಗಾಗಿ, ಇದ್ದದ್ದು ಇದ್ದಂತೆ ಬರೆಯಲಾಗಿದೆ:

"ಎಷ್ಟು ಉಳಿಯುತ್ತೆ ಅಂತ ಒಂದು ಚೀಟೀಲಿ ಬರೆದು ಕೊಡಿ ಸಾರ್. ಎಷ್ಟಕ್ಕೆ ನನ್ನ ಗಂಡನ್ನ ಕೊಡ್ತಿದೀನಿ ಅಂತ ನನಗೂ ಗೊತ್ತಾಗ್ಲಿ."

ಸದರಿ ಮಾತಿನಲ್ಲಿ ನ್ಯಾಯವಿರುವಂತೆ ಕಂಡುಬಂದರೂ ನ್ಯಾಯಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರುವುದಿಲ್ಲ. ಕೆಳಗೆ ಸಹಿ ಮಾಡಿರುವವರು ಆಗ ಫ್ಯಾನಿನ ಕಡೆಗೆ ನೋಡತೊಡಗಿದರು. ಇದನ್ನು ಉತ್ತರವೆಂದು ಪರಿಗಣಿಸತಕ್ಕದ್ದಲ್ಲ. ಅವರು ಹೋದ ಮೇಲೆ ಶಾಖೆಯಲ್ಲಿ ಸಂಜೆಯವರೆಗೆ ಒಂದು ಕಡತವೂ ಮುಂದಕ್ಕೆ ಹೋಗಲಿಲ್ಲವಾದ್ದರಿಂದ, ಇನ್ನುಮುಂದೆ ಸಂಬಂಧಿಕರು ಮುಂಚಿತವಾಗಿ ಅನುಮತಿ ಪಡೆದು ಬರತಕ್ಕದ್ದು.

೧೩. ಪ್ರಾತ್ಯಕ್ಷಿಕೆ. ಹತ್ತು ಜನ ಹತ್ತು ಮಾತಾಡುವುದನ್ನು ನಿಲ್ಲಿಸುವ ಸಲುವಾಗಿ, ಹಾಗೂ ಬ್ರೇಕಿನ ಸ್ಥಿತಿಯಲ್ಲಿ ತುರ್ತು ಏನೂ ಇಲ್ಲವೆಂದು ಸಾಬೀತುಪಡಿಸುವ ಸಲುವಾಗಿ, ಕೆಳಗೆ ಸಹಿ ಮಾಡಿರುವವರು ಇಂದು ಸ್ವತಃ ಮುಂದಿನ ಸೀಟಿನಲ್ಲಿ ಕುಳಿತು ಈ ಸುತ್ತೋಲೆಯನ್ನು ಗುಡ್ಡದ ಬುಡದ ಪ್ರಧಾನ ಕಚೇರಿಗೆ ಮುಟ್ಟಿಸಲಿದ್ದಾರೆ. ಇವರು ಈ ಕಾರಿನಲ್ಲಿ ಹಲವು ಬಾರಿ ಮೇಲಕ್ಕೆ ಬಂದಿದ್ದು ಯಾವ ತೊಂದರೆಯೂ ಕಂಡುಬಂದಿರುವುದಿಲ್ಲ. ಕೆಳಕ್ಕೆ ಹೋಗುವಾಗ ಆರೋಗ್ಯದ ದೃಷ್ಟಿಯಿಂದ ನಡೆದುಹೋಗುವುದು ಅವರ ಅಭ್ಯಾಸವಾಗಿತ್ತು.

ಇದರಲ್ಲಿ ಯಾರಿಗೂ ಯಾವ ಸಂಶಯವೂ ಉಳಿದಿಲ್ಲವೆಂದು ಭಾವಿಸಿ ಈ ಸುತ್ತೋಲೆಯನ್ನು ಮುಗಿಸಲಾಗಿದೆ.

ಸಹಿ/-
ಶಾಖಾಧಿಕಾರಿ
ವಾಹನ, ಕುರ್ಚಿ ಮತ್ತು ಚಕ್ರವುಳ್ಳ ಇತರೆ ವಸ್ತುಗಳ ಶಾಖೆ

ತಿದ್ದುಪಡಿ

(ಅದೇ ಸಂಖ್ಯೆ, ಅದೇ ದಿನ. ಹೊರಡಿಸಿದ ಸ್ಥಳ: ಗುಡ್ಡದ ಬುಡದಲ್ಲಿ ಕಟ್ಟುತ್ತಿರುವ ಮನೆಯೊಂದರ ಮುಂದಿನ ಮರಳಿನ ರಾಶಿ.)

ಸುತ್ತೋಲೆಯು ಪ್ರಧಾನ ಕಚೇರಿಗೆ ಮುಟ್ಟುವ ಮೊದಲೇ ಅದಕ್ಕೆ ತಿದ್ದುಪಡಿ ಹೊರಡಿಸಬೇಕಾಗಿ ಬಂದಿದೆ. ಕಾರಣಗಳನ್ನು ಕ್ರಮವಾಗಿ ನಮೂದಿಸಲಾಗಿದೆ.

ಕಾರು ಕಚೇರಿಯ ದ್ವಾರ ದಾಟುವವರೆಗೆ ಎಲ್ಲವೂ ನಿಯಮಾನುಸಾರ ಇತ್ತು. ಮೊದಲ ತಿರುವಿನಲ್ಲಿ ಚಾಲಕರು ಗೇರನ್ನು ಇಳಿಸಿದರು. ಎಂಜಿನು ಗೋಳೋ ಎಂದು ಅತ್ತಿತೇ ಹೊರತು ವೇಗ ಅಷ್ಟಾಗಿ ಕಡಿಮೆಯಾಗಲಿಲ್ಲ. ಕೈಬ್ರೇಕನ್ನು ಎಳೆದಾಗ ಅದು ಬುಡಸಮೇತ ಕೈಗೆ ಬಂತು. ಕಂಡಿಕೆ ೩ರಲ್ಲಿ ಹೇಳಿರುವ ಬೋಲ್ಟು ಎಲ್ಲಿತ್ತೆಂಬುದು ಇದರಿಂದ ತಿಳಿದುಬಂದಿದೆ.

ಎರಡನೆಯ ತಿರುವಿನ ಆಚೆಗೆ ಒಬ್ಬರು ಸೈಕಲ್ಲಿಗೆ ಗ್ಯಾಸ್ ಸಿಲಿಂಡರು ಕಟ್ಟಿಕೊಂಡು ತಳ್ಳಿಕೊಂಡು ಬರುತ್ತಿದ್ದರು. ಒಂದು ಕಡೆ ಗುಡ್ಡದ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ, ನಡುವೆ ಸಿಲಿಂಡರು. ಅತ್ತ ದರಿ ಇತ್ತ ಪುಲಿ ಎಂಬುದನ್ನು ಈ ಶಾಖೆಯು ಹಲವು ಟಿಪ್ಪಣಿಗಳಲ್ಲಿ ಬಳಸಿದೆ. ಅದರ ಅರ್ಥ ಇಂದು ತಿಳಿಯಿತು. ಚಾಲಕರು ದನಿ ಏರಿಸದೆ, ದಾರಿಯಿಂದ ಕಣ್ಣು ಕೀಳದೆ ಹೇಳಿದ್ದು ಇಷ್ಟು: "ಸಾರ್, ಕಣ್ಣು ಮುಚ್ಕೋಬೇಡಿ. ನೀವು ಎಡಗಡೆ ನೋಡಿ, ನಾನು ಬಲಗಡೆ ನೋಡ್ತೀನಿ."

ಎಡಗಡೆ ನೋಡಲಾಯಿತು. ಆಗ ಕೆಳಗೆ ಸಹಿ ಮಾಡಿರುವವರ ಬಲಗಾಲು, ಅಲ್ಲಿ ಯಾವ ಪೆಡಲೂ ಇಲ್ಲದಿದ್ದಾಗ್ಯೂ, ಕಾರಿನ ನೆಲವನ್ನು ಬಿಡದೆ ತುಳಿಯುತ್ತಿತ್ತು. ಕಿಟಕಿಯಿಂದ ತಲೆ ಹಾಕಿ ಸರಿಯಿರಿ, ಸರಿಯಿರಿ ಎಂದು ಕೂಗಿದ ದನಿ ಯಾರದೆಂದು ಮೊದಲು ತಿಳಿಯಲಿಲ್ಲ. ಸೈಕಲ್ಲಿನವರು ಸಿಲಿಂಡರನ್ನು ಗೋಡೆಗೆ ಆನಿಸಿ ತಾವೂ ಗೋಡೆಗೆ ಅಂಟಿಕೊಂಡರು. ಅವರಿಗೂ ಕಾರಿಗೂ ನಡುವೆ ಉಳಿದ ಜಾಗದಲ್ಲಿ ಈ ಸುತ್ತೋಲೆಯನ್ನು ಕಷ್ಟಪಟ್ಟು ತೂರಿಸಬಹುದಿತ್ತು.

ಬುಡಕ್ಕೆ ಬಂದ ಮೇಲೆ ಚಾಲಕರು ಕಾರನ್ನು ಮರಳಿನ ರಾಶಿಗೆ ನುಗ್ಗಿಸಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿದ್ದ ಪ್ಯಾಡುಗಳು ಸೀಟುಬೆಲ್ಟಿನಿಂದ ಕಳಚಿಕೊಂಡು ಬಂದು ಕೆಳಗೆ ಸಹಿ ಮಾಡಿರುವವರ ಹೆಗಲಿಗೆ ಬಡಿದವು. ಖರೀದಿಸಿದಂದಿನಿಂದ ಅವು ಮಾಡಿದ ಕೆಲಸ ಇದೊಂದೇ.

ನಾನು ಹೆದರಿದೆ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ಪ್ರಯತ್ನಿಸಲಾಯಿತು, ಆಗಲಿಲ್ಲ. ನನಗೆ ನನ್ನ ಮನೆ, ನನ್ನ ಹೆಂಡತಿ, ಬೆಳಿಗ್ಗೆ ಅವಳ ಮೇಲೆ ಸುಮ್ಮನೆ ರೇಗಿದ್ದು ಎಲ್ಲವೂ ನೆನಪಾಯಿತು. ರಿಯಾಯಿತಿಗಳಲ್ಲಿ ಒಂದೂ ನೆನಪಾಗಲಿಲ್ಲ.

ಬಾಯಿಗೆ ಹೋದ ಮರಳನ್ನು ಉಗಿದು, ದಿನವೂ ಹೀಗೆಯೇ ಬರುತ್ತೀಯಾ ಎಂದು ಚಾಲಕರನ್ನು ಕೇಳಿದೆ. ಅವರು ಶರಟಿನ ತೋಳಿನ ಮರಳು ಕೊಡವಿಕೊಳ್ಳುತ್ತ ಹೇಳಿದರು: "ದಿನಾ ಹೀಗೇ ಸಾರ್. ಇವತ್ತು ಪಕ್ಕದಲ್ಲಿ ಒಬ್ರಿದ್ರಿ, ಅಷ್ಟೇ."

ಈ ಹಿನ್ನೆಲೆಯಲ್ಲಿ, ಮರಳಿನ ಮೇಲೆ ಕುಳಿತು, ಈ ಕೆಳಕಂಡಂತೆ ಆದೇಶಿಸಿದ್ದೇನೆ.

ಅ) ಕಂಡಿಕೆ ೧ರಿಂದ ೧೩ರವರೆಗೆ ಎಲ್ಲವನ್ನೂ ರದ್ದುಪಡಿಸಿದೆ. ಕಂಡಿಕೆ ೧೧ರಲ್ಲಿ ಭಯವನ್ನು ನೌಕರರು ಮನೆಯಿಂದ ತರುತ್ತಾರೆ ಎಂದಿರುವುದು ತಪ್ಪು. ಅದು ಇಲಾಖೆಯದ್ದೇ ಆಸ್ತಿ. ದಾಸ್ತಾನು ಪುಸ್ತಕದಲ್ಲಿ ಸೇರಿಸತಕ್ಕದ್ದು.

ಆ) ನಾಲ್ಕೂ ಚಕ್ರಕ್ಕೆ ಇಂದೇ ಕೆಲಸವಾಗತಕ್ಕದ್ದು. ಫಲಕವಿಲ್ಲದ ಗ್ಯಾರೇಜಿನವರು ಸದ್ದು ಕೇಳಿ ಸ್ಪ್ಯಾನರಿನ ಸಮೇತ ತಾವಾಗಿಯೇ ಬಂದು ನಿಂತಿದ್ದಾರೆ. ಚೌಕಾಸಿ ಮಾಡಿಲ್ಲ. ಏನೇನು ಬದಲಿಸುತ್ತೀರಿ ಎಂದು ಕೇಳಿದೆ, ಬರೆದುಕೊಟ್ಟರು, ಅರ್ಥವಾಯಿತು. 'ಇಲಾಖೆಗೆ ಆದ ಉಳಿತಾಯ' ಎಂಬ ಕಾಲಂನಲ್ಲಿ 'ಇಬ್ಬರು' ಎಂದು ತುಂಬಿದ್ದೇನೆ. ಸೈಕಲ್ಲಿನವರನ್ನೂ ಸೇರಿಸಿದರೆ ಮೂವರು.

ಇ) ರಿಪೇರಿ ಆಗುವವರೆಗೆ ಟಪಾಲು ನಡೆದುಕೊಂಡು ಇಳಿಯುತ್ತದೆ. ತಡವಾಗುತ್ತದೆ. ಅದರಲ್ಲಿ ಇರುವುದನ್ನು ನಾನು ಬಲ್ಲೆ. ತಡವಾದರೆ ಯಾರಿಗೂ ಏನೂ ಆಗುವುದಿಲ್ಲ.

ಸಹಿ/-
ಶಾಖಾಧಿಕಾರಿ
(ಮೇಲಿನ ಸಹಿಗೂ ಇದಕ್ಕೂ ಹೋಲಿಕೆ ಇಲ್ಲವೆಂದು ಯಾರೂ ಆಕ್ಷೇಪಿಸತಕ್ಕದ್ದಲ್ಲ. ಇದನ್ನು ಮರಳಿನ ಮೇಲೆ ಹಾಳೆ ಇಟ್ಟು ಮಾಡಲಾಗಿದೆ.)

ಪ್ರತಿಗಳು:

೧. ಪ್ರಧಾನ ಕಚೇರಿಗೆ. ಮುದ್ದಾಂ, ನಡೆದು ಬಂದು ಕೊಡಲಾಗುವುದು.

೨. ಕಟ್ಟಡದ ಮೇಸ್ತ್ರಿಯವರಿಗೆ. ಮರಳನ್ನು ಮತ್ತೆ ಜರಡಿ ಹಿಡಿಯಬೇಕಾಗಿ ಬಂದಿರುವುದಕ್ಕೆ ವಿಷಾದದೊಂದಿಗೆ. ರಾಶಿಯು ರಸ್ತೆಗೆ ಅಡ್ಡವಾಗಿದೆ, ಕೂಡಲೇ ತೆಗೆಯಿರಿ ಎಂದು ಇದೇ ಇಲಾಖೆ ಕಳೆದ ತಿಂಗಳು ಕೊಟ್ಟಿದ್ದ ನೋಟೀಸನ್ನು ಹಿಂಪಡೆಯಲಾಗಿದೆ.

೩. ಸೈಕಲ್ಲಿನವರಿಗೆ. ವಿಳಾಸ ಗೊತ್ತಿಲ್ಲ, ಸಿಲಿಂಡರು ತಳ್ಳಿಕೊಂಡು ಹೋಗುತ್ತಿದ್ದ ದಿಕ್ಕು ಗೊತ್ತಿದೆ. ಆ ದಿಕ್ಕಿಗೆ ಒಂದು ಪ್ರತಿ.

೪. ಕಾವಲುಗಾರರಿಗೆ, ಮಂಡಿಗೆ ವಿಶ್ರಾಂತಿ ಕೊಡುವಂತೆ ಸೂಚಿಸಿ.

೫. ಚಾಲಕರ ಪತ್ನಿಯವರಿಗೆ. ಪ್ರತಿ ಕಳಿಸಿಲ್ಲ. ಚಾಲಕರನ್ನೇ ಕಳಿಸಿದೆ.

೬. ಲೆಕ್ಕಪತ್ರ ಶಾಖೆಯ ಮೇಲ್ವಿಚಾರಕರಿಗೆ. ದರಗಳನ್ನು ಹೋಲಿಸದೆ ಕೆಲಸ ವಹಿಸಿದ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಸ್ವಾಗತ. ಚಕ್ರ ಬಿಚ್ಚುವ ಮೊದಲು ತಿಳಿಸಿದರೆ ಕಾರನ್ನು ಎಳೆಸಿ ಮೇಲಕ್ಕೆ ಕಳಿಸಿಕೊಡಲಾಗುವುದು. ಆಕ್ಷೇಪಣೆಯನ್ನು ಮುಂದಿನ ಸೀಟಿನಲ್ಲಿ ಕುಳಿತು, ಗುಡ್ಡ ಇಳಿಯುತ್ತ, ಸ್ವಹಸ್ತದಲ್ಲಿ ಬರೆಯತಕ್ಕದ್ದು. ಅಕ್ಷರ ಓದುವಂತಿದ್ದರೆ ಪರಿಗಣಿಸಲಾಗುವುದು.